ಗ್ರಂಥಾಲಯದಲ್ಲಿ ಮಾತಾಡಬಾರದೇಕೆ?

ಮನೆ ಕಂದಾಯದ ರಸೀದಿಯನ್ನು ನಿಮ್ಮಲ್ಲಿ ಎಷ್ಟು ಜನ ಕೊನೆಯ ಸಾಲಿನವರೆಗೆ ಓದಿದ್ದೀರಿ? ಪ್ರಶ್ನೆಪತ್ರಿಕೆಯನ್ನೇ ಪೂರ್ತಿ ಓದದೆ ಉತ್ತರ ಬರೆಯಲು ತೊಡಗುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಗಳು ರಸೀದಿಯನ್ನು ಓದಿರಲಾರರೆಂದೇ ನನ್ನ ಊಹೆ. ಆದುದರಿಂದ ನಾನೇ ಓದಿ ಹೇಳುತ್ತೇನೆ. ಬಿಬಿಎಂಪಿ ಇದ್ದಷ್ಟು ಕಾಲ, ಅಂದರೆ 2025ರ ಸೆಪ್ಟೆಂಬರಿನಲ್ಲಿ ಅದರ ಜಾಗದಲ್ಲಿ ಐದು ನಗರಪಾಲಿಕೆಗಳು ಬರುವವರೆಗೆ, ನಾವು ಕಟ್ಟುತ್ತಿದ್ದ ಆಸ್ತಿ ತೆರಿಗೆಯ ಮೇಲೆ ಕೆಲವು ಕರಗಳು ಸೇರಿಕೊಳ್ಳುತ್ತಿದ್ದವು. ಆರೋಗ್ಯಕ್ಕೆ ಶೇಕಡಾ 15, ಗ್ರಂಥಾಲಯಕ್ಕೆ ಶೇಕಡಾ 6, ಭಿಕ್ಷುಕರ ಪುನರ್ವಸತಿಗೆ ಶೇಕಡಾ 3. ತೆರಿಗೆ ಹತ್ತು ಸಾವಿರ ರೂಪಾಯಿ ಆದರೆ ಅದರ ಮೇಲೆ ಆರುನೂರು ರೂಪಾಯಿ ಗ್ರಂಥಾಲಯದ ಹೆಸರಿನಲ್ಲಿ ಹೋಗುತ್ತದೆ. ಈ ಕರಕ್ಕೆ ಆಧಾರ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಅಂದು ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇತ್ತು. ಪಾಲಿಕೆಯ ಹೆಸರು ಬದಲಾದ ಮಾತ್ರಕ್ಕೆ ಆ ಕಾಯ್ದೆ ಬದಲಾಗುವುದಿಲ್ಲ.

ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ಎಷ್ಟೋ ಮನೆಗಳು ದಶಕಗಳಿಂದ ಈ ಹಣವನ್ನು ತಪ್ಪದೆ ಕಟ್ಟುತ್ತ ಬಂದಿವೆ. ಹೀಗೆ ವಸೂಲಾದ ಹಣ ಗ್ರಂಥಾಲಯ ಇಲಾಖೆಗೆ ಪೂರ್ತಿಯಾಗಿ ತಲುಪದೆ, ನೂರಾರು ಕೋಟಿ ರೂಪಾಯಿ ಪಾಲಿಕೆಯಲ್ಲಿಯೇ ಬಾಕಿ ಉಳಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಹಲವು ಬಾರಿ ಓದಿದ್ದೇವೆ. ಆ ಜಗಳವನ್ನು ಅವರವರೇ ಬಗೆಹರಿಸಿಕೊಳ್ಳಲಿ. ನನ್ನ ಪ್ರಶ್ನೆ ಬೇರೆ. ಈ ಹಣಕ್ಕೆ ಪ್ರತಿಯಾಗಿ ಶಾಲೆ ಬಿಟ್ಟ ವಯಸ್ಕ ಓದುಗನಿಗೆ ನಾವು ಕೊಡುತ್ತಿರುವುದೇನು? ಕಪಾಟು, ಕುರ್ಚಿ, ದಿನಪತ್ರಿಕೆ. ಓದಿದ್ದನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳುವ ಅವಕಾಶವನ್ನು ಮಾತ್ರ ಕೊಡುತ್ತಿಲ್ಲ. ಪ್ರತಿಯೊಂದು ನಗರ ಗ್ರಂಥಾಲಯವೂ ವಯಸ್ಕರಿಗಾಗಿ ಒಂದು ಓದುಗರ ಕೂಟವನ್ನು ನಡೆಸಬೇಕು. ಗ್ರಂಥಾಲಯದ ಮೆಟ್ಟಿಲು ಹತ್ತಲಾರದವರೂ ಬರುವಂತೆ ಆ ಕೂಟ ಆನ್‌ಲೈನಿನಲ್ಲಿಯೂ ನಡೆಯಬೇಕು ಎಂಬುದು ನನ್ನ ವಾದ. ಇದು ಭೋಗದ ವಸ್ತುವಲ್ಲ, ನಾವು ಮುಂಗಡವಾಗಿ ಬೆಲೆ ತೆತ್ತಿರುವ ಸೇವೆ.

ಇಂಥ ಕೂಟ ಹೇಗಿರುತ್ತದೆ ಎಂಬುದನ್ನು ಕಂಡು ಹೇಳುತ್ತಿದ್ದೇನೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದಾಗ ಅವಳ ಊರಿನ ಸಾರ್ವಜನಿಕ ಗ್ರಂಥಾಲಯದ ಆನ್‌ಲೈನ್ ಓದುಗರ ಕೂಟಕ್ಕೆ ನಾನು ಸೇರಿದೆ. ಮೂರೇ ಮಾತಿನ ಅರ್ಜಿ: ಹೆಸರು, ವಿಳಾಸ, ದೊಡ್ಡಕ್ಷರದ ಪ್ರತಿ ಬೇಕೇ. ನನ್ನ ವಿದ್ಯೆ ಏನು, ಕುಲ ಯಾವುದು, ಯಾರ ಪರಿಚಯದಿಂದ ಬಂದೆ ಎಂದು ಕೇಳಲಿಲ್ಲ. ತಿಂಗಳಿಗೊಂದು ಪುಸ್ತಕ, ಒಂದು ಸಂಜೆ, ಒಂದು ಗಂಟೆ. ಗ್ರಂಥಾಲಯ ಆ ಪುಸ್ತಕದ ಇಪ್ಪತ್ತು ಪ್ರತಿಗಳನ್ನು ಮೊದಲೇ ಎತ್ತಿಡುತ್ತದೆ. ಕಣ್ಣು ಮಂದವಾದವರಿಗೆ ಕೇಳುವ ಪುಸ್ತಕವೂ ಇರುತ್ತದೆ. ಗ್ರಂಥಪಾಲಕಿ ಐದಾರು ಪ್ರಶ್ನೆಗಳನ್ನು ವಾರ ಮುಂಚೆಯೇ ಕಳಿಸುತ್ತಾಳೆ. ಕೂಟದಲ್ಲಿ ಒಬ್ಬ ನಿವೃತ್ತ ದಾದಿ ಇದ್ದರು, ಲಾರಿಯನ್ನು ರಸ್ತೆಬದಿಗೆ ನಿಲ್ಲಿಸಿ ಅದರೊಳಗಿಂದಲೇ ಮಾತಾಡುವ ಚಾಲಕನೊಬ್ಬನಿದ್ದ, ಮಡಿಲಲ್ಲಿ ಕೂಸು ಮಲಗಿಸಿಕೊಂಡ ನಾನಿದ್ದೆ. ಪುಸ್ತಕ ಮುಗಿಸದೆ ಬಂದವರನ್ನು ಯಾರೂ ಗದರುತ್ತಿರಲಿಲ್ಲ. ಆದರೆ ಒಬ್ಬರೇ ಹತ್ತು ನಿಮಿಷ ಮಾತಾಡಲು ಬಿಡುತ್ತಲೂ ಇರಲಿಲ್ಲ.

ಊರಿಗೆ ಮರಳುವಾಗ ಬಿಡುಗಡೆ ಕೇಳಿದರೆ, ಪರದೆಗೆ ದೂರವೇನು, ನೀವು ಬರುತ್ತಲೇ ಇರಿ ಎಂದರು. ಹೀಗಾಗಿ ಅಲ್ಲಿ ಸಂಜೆ ಏಳಾದಾಗ, ಅಂದರೆ ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ, ಚಳಿಗಾಲದಲ್ಲಿ ಐದೂವರೆಗೆ, ತಿಂಗಳಿಗೊಮ್ಮೆ ನಾನು ಜಯನಗರದಲ್ಲಿ ದೀಪ ಹಾಕಿಕೊಂಡು ಕೂಡುತ್ತೇನೆ. ನಾನು ಒಂದು ಕಾಸೂ ತೆರಿಗೆ ಕಟ್ಟದ ಊರಿನ ಗ್ರಂಥಾಲಯ ನನ್ನನ್ನು ಓದುಗಳೆಂದು ಕರೆದು ಕೂರಿಸುತ್ತದೆ. ನಾನು ಕರ ಕಟ್ಟುತ್ತಿರುವ ಊರಿನ ಗ್ರಂಥಾಲಯಕ್ಕೆ ನಾನು ಒಂದು ಸದಸ್ಯತ್ವ ಸಂಖ್ಯೆ ಮಾತ್ರ. ಈ ವ್ಯತ್ಯಾಸ ನನಗೆ ಅವಮಾನವೆನಿಸುತ್ತದೆ. ನಿಮಗೂ ಅನಿಸಬೇಕು.

"ಅದು ಅವರ ಸಂಸ್ಕೃತಿ ಮಿಸ್, ನಮ್ಮದಲ್ಲ" ಎಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಅವನಿಗೆ ಸಮಾಜ ಪಾಠ ಮಾಡಿದವಳು ನಾನೇ ಆದ್ದರಿಂದ ಇಲ್ಲಿಯೇ ಉತ್ತರಿಸುತ್ತೇನೆ. ಹತ್ತು ಜನ ಸೇರಿ ಒಂದು ಪುಸ್ತಕವನ್ನು ಓದುವುದು ನಮಗೆ ಹೊಸತೇ? ಕುಮಾರವ್ಯಾಸ ಭಾರತವನ್ನು ನಮ್ಮ ಹಳ್ಳಿಗಳು ಓದಿದ್ದು ಒಬ್ಬೊಬ್ಬರಾಗಿ ಮೂಲೆಯಲ್ಲಿ ಕುಳಿತಲ್ಲ. ಒಬ್ಬರು ರಾಗವಾಗಿ ವಾಚಿಸಬೇಕು, ಇನ್ನೊಬ್ಬರು ವ್ಯಾಖ್ಯಾನಿಸಬೇಕು, ಅಕ್ಷರ ಬಾರದವರೂ ಜಗಲಿಯಲ್ಲಿ ಕುಳಿತು ಕರ್ಣನ ಪಕ್ಷವನ್ನೋ ಕೃಷ್ಣನ ಪಕ್ಷವನ್ನೋ ಹಿಡಿದು ವಾದಿಸಬೇಕು. ಗಮಕವೆಂದು ನಾವು ಕರೆಯುವ ಆ ಪದ್ಧತಿಯಲ್ಲಿ ಓದು ಎಂದರೆ ಕೂಟ, ಕೂಟವೆಂದರೆ ಓದು.

ಹಳ್ಳಿಯ ಮಾತು ಬೇಡವೆಂದರೆ ನಮ್ಮ ದಕ್ಷಿಣ ಬೆಂಗಳೂರನ್ನೇ ನೋಡಿ. ಡಿ.ವಿ.ಜಿ.ಯವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದು 1945ರಲ್ಲಿ. ಎನ್.ಆರ್. ಕಾಲೊನಿಯ ಆ ಸಂಸ್ಥೆಯಲ್ಲಿ ಗ್ರಂಥಾಲಯವೂ ಇತ್ತು, ಅಧ್ಯಯನ ಗೋಷ್ಠಿಯೂ ಇತ್ತು. ಗೀತೆಯನ್ನು ಕುರಿತು ಅವರು ಅಲ್ಲಿ ನಡೆಸಿದ ಪಾಠಗಳೇ ಮುಂದೆ ಗ್ರಂಥರೂಪ ತಾಳಿ, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವು. ಅದೇ 1945ರಲ್ಲಿ ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ಅವರು ವಿಶ್ವ ಸಂಸ್ಕೃತಿ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿಯೂ ಪುಸ್ತಕ ಮತ್ತು ಉಪನ್ಯಾಸ ಒಂದೇ ಸೂರಿನಡಿ. ಅದೇ ವರ್ಷ ತಿರುವಾಂಕೂರಿನಲ್ಲಿ ಪಿ.ಎನ್. ಪಣಿಕ್ಕರ್ ಅವರು ಹಳ್ಳಿಹಳ್ಳಿಯ ವಾಚನಾಲಯಗಳನ್ನು ಒಟ್ಟುಗೂಡಿಸಿ ಗ್ರಂಥಶಾಲಾ ಸಂಘವನ್ನು ಕಟ್ಟಿದರು. ಇಂದಿಗೂ ಅವರ ಪುಣ್ಯತಿಥಿಯಾದ ಜೂನ್ 19ನ್ನು ವಾಚನದ ದಿನವಾಗಿ ಆಚರಿಸುತ್ತಾರೆ. ಇವೆಲ್ಲ ನಮ್ಮ ನೆಲದಲ್ಲಿಯೇ ನಡೆದದ್ದು. ಅಮೆರಿಕದ ಸಿಯಾಟಲ್ ನಗರದ ಗ್ರಂಥಾಲಯ, ಊರಿಗೆ ಊರೇ ಒಂದೇ ಪುಸ್ತಕವನ್ನು ಓದಲಿ ಎಂದು ಹೊರಟಿದ್ದು 1998ರಲ್ಲಿ. ನಮ್ಮ ಜಗಲಿಯ ಭಾರತವಾಚನಕ್ಕೆ ಹೋಲಿಸಿದರೆ ಅದು ನಿನ್ನೆ ಮೊನ್ನೆಯ ಮಾತು.

ಇಷ್ಟೆಲ್ಲ ಇದ್ದ ನಮ್ಮಲ್ಲಿ ಸರ್ಕಾರಿ ಗ್ರಂಥಾಲಯದ ಸ್ಥಿತಿ ಏನು? ನಮ್ಮ ಬಡಾವಣೆಯ ಶಾಖೆಯೊಂದಕ್ಕೆ ಹೋಗಿ, ತಿಂಗಳಿಗೊಮ್ಮೆ ಹತ್ತು ಜನ ಕುಳಿತು ಒಂದು ಕಾದಂಬರಿಯನ್ನು ಕುರಿತು ಮಾತಾಡಲು ಜಾಗ ಸಿಗುವುದೇ ಎಂದು ಕೇಳಿದೆ. ಅಲ್ಲಿದ್ದವರು ಗೋಡೆಯ ಮೇಲಿನ 'ನಿಶ್ಶಬ್ದ' ಎಂಬ ಫಲಕವನ್ನು ತೋರಿಸಿ, "ಇಲ್ಲಿ ಮಾತಾಡೋ ಹಾಗಿಲ್ಲ ಮೇಡಂ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಾಗಿಲು ತೆರೆಯುವುದು, ಪತ್ರಿಕೆ ಜೋಡಿಸುವುದು, ಪುಸ್ತಕ ಬರೆದುಕೊಳ್ಳುವುದು, ಸಂಜೆ ಬೀಗ ಹಾಕುವುದು ಎಲ್ಲವೂ ಅವರೊಬ್ಬರ ಕೆಲಸ. ಮೇಜುಗಳ ತುಂಬ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕರು. ಚಿಕ್ಕ ಕೋಣೆಯಲ್ಲಿ ನಾಲ್ಕು ಜನರೊಡನೆ ಬದುಕುವ ಆ ಮಕ್ಕಳಿಗೆ ಆ ಮೇಜು ಬೇಕೇ ಬೇಕು. ಅವರನ್ನು ಎಬ್ಬಿಸಿ ನಮಗೆ ಜಾಗ ಕೊಡಿ ಎಂದು ನಾನು ಎಂದಿಗೂ ಕೇಳೆನು. ಜಾಗವಿಲ್ಲವೆಂಬುದು ನಿಜವಾದ ಕಾರಣವೇ. ಆದರೆ ಪರದೆಯ ಮೇಲಿನ ಕೂಟಕ್ಕೆ ಮೇಜು ಬೇಕಿಲ್ಲ, ಅದರಿಂದ ಯಾರ ನಿಶ್ಶಬ್ದವೂ ಕೆಡುವುದಿಲ್ಲ. ಜಾಗವಿಲ್ಲ ಎಂಬ ಕಾರಣವನ್ನೇ ಮುಂದಿಟ್ಟುಕೊಂಡು ನಾನು ಆನ್‌ಲೈನ್ ಕೂಟವನ್ನು ಕೇಳುತ್ತಿದ್ದೇನೆ.

"ಆನ್‌ಲೈನ್ ಗ್ರಂಥಾಲಯ ಈಗಾಗಲೇ ಇದೆಯಲ್ಲ" ಎನ್ನುವವರಿದ್ದಾರೆ. ಇದೆ. ಗ್ರಂಥಾಲಯ ಇಲಾಖೆಯ ಇ-ಸಾರ್ವಜನಿಕ ಗ್ರಂಥಾಲಯ ಆರಂಭವಾದದ್ದು 2020ರ ಫೆಬ್ರವರಿಯಲ್ಲಿ. ಮರುತಿಂಗಳೇ ಲಾಕ್‌ಡೌನ್ ಬಂದು ಊರಿನ ಬಾಗಿಲುಗಳೆಲ್ಲ ಮುಚ್ಚಿದಾಗ ಅದು ದೊಡ್ಡ ಉಪಕಾರ ಮಾಡಿತು. ಲಕ್ಷಾಂತರ ಜನ ಶುಲ್ಕವಿಲ್ಲದೆ ಸದಸ್ಯರಾದರು. ಆ ಕೆಲಸಕ್ಕೆ ನನ್ನ ನಮಸ್ಕಾರ. ಆದರೆ ಸದಸ್ಯರ ಸಂಖ್ಯೆಯನ್ನು ಹೇಳಿ ತೃಪ್ತಿಪಡುವುದು, ದಾಖಲಾತಿ ಪುಸ್ತಕವನ್ನು ತೋರಿಸಿ ಶಾಲೆ ಚೆನ್ನಾಗಿ ನಡೆಯುತ್ತಿದೆ ಎಂದು ಇನ್ಸ್‌ಪೆಕ್ಟರರನ್ನು ಒಪ್ಪಿಸಿದ ಹಾಗೆ. ದಾಖಲಾತಿ ಬೇರೆ, ಹಾಜರಿ ಬೇರೆ, ಕಲಿಕೆ ಬೇರೆ. ಮೂವತ್ತಕ್ಕೂ ಹೆಚ್ಚು ವರ್ಷ ಹಾಜರಿ ಕರೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಡತವನ್ನು ಇಳಿಸಿಕೊಂಡವರಲ್ಲಿ ಎಷ್ಟು ಜನ ಓದಿದರು, ಓದಿದವರು ಯಾರೊಡನೆ ಮಾತಾಡಿದರು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಅದು ಒಳ್ಳೆಯ ಉಗ್ರಾಣ. ಉಗ್ರಾಣ ತುಂಬಿದ್ದರೆ ಸಾಲದು, ಪಂಕ್ತಿ ಹಾಕಿ ಬಡಿಸಬೇಕು.

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರನ್ನು ನಾವು ಬೆಂಗಳೂರಿನವರು ಮರೆಯಬಾರದು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1962ರಲ್ಲಿ ನಮ್ಮ ಊರಿನಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಹುಟ್ಟಿದ ದಿನವಾದ ಆಗಸ್ಟ್ 12ರಂದು ಗ್ರಂಥಾಲಯಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಆದರೆ 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳ ಸಾರವನ್ನು ಹಾರ ಹಾಕುವವರು ನೆನೆಯಬೇಕಲ್ಲವೆ? ಪುಸ್ತಕ ಇರುವುದು ಬಳಕೆಗೆ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಓದುಗನ ಹೊತ್ತು ಉಳಿಯಬೇಕು. ಗ್ರಂಥಾಲಯ ಬೆಳೆಯುತ್ತಲೇ ಇರಬೇಕು. ಅದೇ 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಸಂಚಾರಿ ಗ್ರಂಥಾಲಯ ಹೊರಟಿತು. ಬರಲಾರದ ಓದುಗನ ಬಳಿಗೆ ಗ್ರಂಥಾಲಯವೇ ಹೋಯಿತು. ಗ್ರಂಥಾಲಯಕ್ಕೆ ಗಾಡಿಯೇಕೆ ಎಂದು ಅಂದೂ ಯಾರಾದರೂ ಮೂಗು ಮುರಿದಿರಬಹುದು. ಆನ್‌ಲೈನ್ ಕೂಟ ಇಂದಿನ ಎತ್ತಿನ ಗಾಡಿ.

ಈಗ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

ನನ್ನ ಮೈದುನನದು ಮೊದಲನೆಯದು. "ಅತ್ತಿಗೆ, ವಾಟ್ಸ್ಆ್ಯಪ್ಪಿನಲ್ಲಿ ಪುಸ್ತಕದ ಗುಂಪುಗಳು ಬೇಕಾದಷ್ಟಿವೆ. ಇದಕ್ಕೆ ಸರ್ಕಾರ ಬೇರೆ ಬೇಕೆ?" ಗುಂಪುಗಳಿವೆ, ನಾನೂ ಎರಡರಲ್ಲಿದ್ದೇನೆ. ಒಂದರಲ್ಲಿ ಎಲ್ಲರೂ ನಮ್ಮ ಬಂಧುಗಳು, ಇನ್ನೊಂದರಲ್ಲಿ ಎಲ್ಲರೂ ನಿವೃತ್ತ ಶಿಕ್ಷಕರು. ಯಾರೋ ಸೇರಿಸಿದರೆ ಉಂಟು, ಇಲ್ಲವಾದರೆ ಇಲ್ಲ. ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗಳು ಬಿ.ಎ. ಓದುತ್ತಾಳೆ, ಕಥೆಗಳೆಂದರೆ ಪ್ರಾಣ. ಅವಳನ್ನು ಆ ಗುಂಪುಗಳಿಗೆ ಯಾರು ಸೇರಿಸುತ್ತಾರೆ? ಸಾರ್ವಜನಿಕ ಗ್ರಂಥಾಲಯದ ಕೂಟಕ್ಕೆ ಅವಳು ಯಾರ ಶಿಫಾರಸೂ ಇಲ್ಲದೆ, ಹಕ್ಕಿನಿಂದ ಬರಬಹುದು. ಅಪರಿಚಿತರನ್ನು ಒಂದೇ ಪುಸ್ತಕದ ಸುತ್ತ ಕೂರಿಸಬಲ್ಲ ಸಂಸ್ಥೆ ಬಡಾವಣೆಯಲ್ಲಿ ಇದೊಂದೇ.

ಎರಡನೆಯದು, ಎದುರುಬದುರು ಕೂರದ ಕೂಟ ಕೂಟವೇ ಅಲ್ಲ ಎಂಬ ಮಾತು. ಎದುರುಬದುರು ಕೂರುವುದೇ ಮೇಲೆಂಬುದನ್ನು ನಾನೂ ಒಪ್ಪುತ್ತೇನೆ. 2023ರಿಂದ ಈಚೆಗೆ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಯುವಕರು ಚಾಪೆ ಹಾಸಿಕೊಂಡು ಒಟ್ಟಾಗಿ ಮೌನವಾಗಿ ಓದುವುದನ್ನು ಕಂಡು ನನಗೆ ಸಂತೋಷವಾಗಿದೆ. ಓದಿಗೂ ಜೊತೆ ಬೇಕೆಂಬುದು ಅವರಿಗೂ ಗೊತ್ತು. ಆದರೆ ಬರಲಾಗದವರ ಗತಿಯೇನು? ನಮ್ಮ ಬೀದಿಯ ಮೂರನೆಯ ಮಹಡಿಯಲ್ಲಿ ಎಂಬತ್ತರ ಹತ್ತಿರದ ಒಬ್ಬ ಹಿರಿಯಾಕೆ ಇದ್ದಾರೆ. ಸೊಂಟದ ಮೂಳೆ ಮುರಿದ ಮೇಲೆ ಮೆಟ್ಟಿಲಿಳಿದಿಲ್ಲ. ಅವರ ಯಜಮಾನರು ಗ್ರಂಥಾಲಯದಿಂದ ವಾರಕ್ಕೆರಡು ಪುಸ್ತಕ ತಂದುಕೊಡುತ್ತಿದ್ದರು, ರಾತ್ರಿ ಇಬ್ಬರೂ ಅದರ ಮೇಲೆ ಜಗಳವಾಡುತ್ತಿದ್ದರು. ಯಜಮಾನರು ಹೋದರು. ಪುಸ್ತಕವನ್ನು ಈಗ ನಾನು ತಂದುಕೊಡುತ್ತೇನೆ. "ಪುಸ್ತಕ ಬಂತಮ್ಮ, ಜಗಳ ಆಡೋರು ಯಾರು?" ಎಂದು ಅವರು ಕೇಳುತ್ತಾರೆ. ಬಿ.ಟಿ.ಎಂ. ಲೇಔಟಿನಲ್ಲಿ ರಾತ್ರಿ ಪಾಳಿ ಮಾಡುವ ಹುಡುಗಿ, ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೊರಬರಲಾಗದ ಸೊಸೆ, ಗಾಲಿಕುರ್ಚಿಯ ಮೇಲಿರುವ ನನ್ನದೇ ಒಬ್ಬ ಹಳೆಯ ವಿದ್ಯಾರ್ಥಿ, ಇವರೆಲ್ಲರಿಗೂ ಮುಖಾಮುಖಿಯ ಶ್ರೇಷ್ಠತೆಯನ್ನು ಉಪದೇಶಿಸುವುದು ಸುಲಭ. ಆ ಉಪದೇಶ ಮಾಡುವವರು ಸಾಮಾನ್ಯವಾಗಿ ಗಟ್ಟಿ ಮೊಣಕಾಲಿನವರು.

ಮೂರನೆಯದು, ವಯಸ್ಸಾದವರಿಗೆ ಈ ಯಂತ್ರಗಳು ಬರುವುದಿಲ್ಲ ಎಂಬ ಕನಿಕರ. ತರಕಾರಿ ಗಾಡಿಯ ಮುಂದೆ ನಿಂತು ಫೋನಿನಲ್ಲಿ ಹಣ ಕಳಿಸುವವರು, ಕಡಲಾಚೆಯ ಮೊಮ್ಮಗುವಿಗೆ ಪರದೆಯಲ್ಲಿ ಲಾಲಿ ಹಾಡುವವರು ನಾವೇ. ಎರಡು ಸಂಜೆ ತಾಳ್ಮೆಯಿಂದ ಹೇಳಿಕೊಟ್ಟರೆ ಕಲಿಯುತ್ತೇವೆ. ಪರದೆಯ ಫೋನಿಲ್ಲದವರು ಸಾಧಾರಣ ಫೋನಿನಿಂದ ಧ್ವನಿಯಲ್ಲಿಯೇ ಸೇರುವ ಏರ್ಪಾಟೂ ಇರಲಿ.

ನಾಲ್ಕನೆಯದು ಗಟ್ಟಿಯಾದ ಆಕ್ಷೇಪ. ಸರ್ಕಾರ ಕೂಟ ನಡೆಸಿದರೆ ಅದು ಸಭೆಯಾಗುತ್ತದೆ: ಪ್ರಾರ್ಥನೆ, ಸ್ವಾಗತ, ಮುಖ್ಯ ಅತಿಥಿ, ಶಾಲು, ಹಾರ, ವಂದನಾರ್ಪಣೆ, ನಡುವೆ ಪುಸ್ತಕಕ್ಕೆ ಐದು ನಿಮಿಷ. ಈ ಭಯ ನನಗೂ ಇದೆ. ಅದಕ್ಕೆ ನಿಯಮವೇ ಮದ್ದು. ವೇದಿಕೆ ಇಲ್ಲ, ಅತಿಥಿ ಇಲ್ಲ, ಅಧ್ಯಕ್ಷರಿಲ್ಲ. ಪುಸ್ತಕದ ಆಯ್ಕೆ ಸದಸ್ಯರ ಮತದಿಂದ. ಒಬ್ಬರಿಗೆ ಒಂದು ಸರದಿಗೆ ಮೂರು ನಿಮಿಷ. ಲೇಖಕರು ಬಂದರೆ ಅವರೂ ಓದುಗರಂತೆ ಕೈಯೆತ್ತಿ ಮಾತಾಡಲಿ.

ಕೊನೆಯ ಭಯವೊಂದಿದೆ, ಅದು ನನ್ನದೇ. ಎಲ್ಲವೂ ಆನ್‌ಲೈನಾಯಿತೆಂದು ಹೇಳಿ ಶಾಖೆಗಳನ್ನು ಮುಚ್ಚಿಬಿಟ್ಟರೆ? ಅದನ್ನು ನಾವು ಒಪ್ಪಲೇಬಾರದು. ಕೂಟ ಕಟ್ಟಡದ ಬದಲಿಗೆ ಬರತಕ್ಕದ್ದಲ್ಲ. ಪುಸ್ತಕ ಶಾಖೆಯಿಂದಲೇ ಹೊರಡಬೇಕು, ಅಲ್ಲಿಗೇ ಮರಳಬೇಕು.

ಹಣ ಎಲ್ಲಿಂದ, ಪ್ರತಿಗಳು ಎಲ್ಲಿಂದ ಎಂದು ಕೇಳುವಿರಿ. ಏಕಗವಾಕ್ಷಿ ಯೋಜನೆಯೆಂಬ ಹೆಸರಿನಲ್ಲಿ ಗ್ರಂಥಾಲಯ ಇಲಾಖೆ ಆಯ್ಕೆಯಾದ ಹೊಸ ಕನ್ನಡ ಪುಸ್ತಕವೊಂದರ ಮುನ್ನೂರು ಪ್ರತಿಗಳನ್ನು ಕೊಳ್ಳುವ ಪದ್ಧತಿಯಿದೆ. ಅವು ರಾಜ್ಯದ ಉದ್ದಗಲಕ್ಕೆ ಹಂಚಿಹೋಗುತ್ತವೆ. ಒಂದೇ ಪುಸ್ತಕವನ್ನು ಒಂದೇ ತಿಂಗಳಲ್ಲಿ ಒಂದೇ ಬಡಾವಣೆಯ ಹತ್ತು ಜನ ಓದುವುದು ಹೀಗೆ ಅಸಾಧ್ಯವಾಗುತ್ತದೆ. ಆ ಮುನ್ನೂರರಲ್ಲಿ ಇಪ್ಪತ್ತನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಈ ತಿಂಗಳು ಜಯನಗರ, ಮುಂದಿನ ತಿಂಗಳು ಬನಶಂಕರಿ, ಆಮೇಲೆ ಮಂಡ್ಯ, ಆಮೇಲೆ ಕಲಬುರಗಿ ಎಂದು ತಿರುಗಿಸಿದರೆ ಆಗದೆ? ಹೆಚ್ಚುವರಿ ಖರ್ಚು ಸಾಗಣೆಯದು ಮಾತ್ರ. ಗ್ರಂಥಪಾಲಕರಿಗೆ ತಿಂಗಳಿಗೆ ಒಂದು ಸಂಜೆಯ ಹೊರೆ ಹೆಚ್ಚುತ್ತದೆ. ಅದಕ್ಕೆ ಗೌರವಧನ ಕೊಡಲಿ, ಖಾಲಿ ಹುದ್ದೆಗಳನ್ನು ತುಂಬಲಿ. ಕರ ಕಟ್ಟಿದ್ದು ಇದಕ್ಕೇ.

ಇದರಿಂದ ಸಿಗುವುದೇನು ಎಂಬುದನ್ನೂ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ನೂರಕ್ಕೆ ತೊಂಬತ್ತು ತೆಗೆದ ನನ್ನ ವಿದ್ಯಾರ್ಥಿಗಳನೇಕರು, ಪರೀಕ್ಷೆಯ ಮರುದಿನದಿಂದ ಇಂದಿನವರೆಗೆ ಒಂದು ಕನ್ನಡ ಕಾದಂಬರಿಯನ್ನೂ ಮುಗಿಸಿಲ್ಲ. ದಡ್ಡರಾದ್ದರಿಂದಲ್ಲ, ಒಂಟಿಯಾದ್ದರಿಂದ. 'ಮಲೆಗಳಲ್ಲಿ ಮದುಮಗಳು' ಕೊಂಡು, ನೂರು ಪುಟ ಓದಿ, ಗುರುತಿನ ಚೀಟಿ ಸಿಕ್ಕಿಸಿ ಕಪಾಟಿಗೆ ಸೇರಿಸಿದವರು ನಿಮ್ಮಲ್ಲಿ ಎಷ್ಟು ಜನ? ಹತ್ತು ಜನರೊಡನೆ ಆರು ತಿಂಗಳಲ್ಲಿ ಅದನ್ನು ದಾಟಬಹುದು. ತ್ರಿವೇಣಿಯವರ 'ಶರಪಂಜರ'ವನ್ನು ನೀವು ಸಿನಿಮಾದಲ್ಲಿ ನೋಡಿದ್ದೀರಿ. ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದ ಹೆಣ್ಣನ್ನು ಮನೆಯೇ ಮತ್ತೆ ರೋಗಿಯನ್ನಾಗಿ ಮಾಡುವ ಆ ಕಥೆಯನ್ನು ಒಬ್ಬ ದಾದಿ, ಒಬ್ಬ ಅತ್ತೆ, ಒಬ್ಬ ಸೊಸೆ, ಒಬ್ಬ ಗಂಡ ಒಂದೇ ಕೂಟದಲ್ಲಿ ಕುಳಿತು ಓದಿದರೆ, ತಮ್ಮ ಮನೆಯಲ್ಲಿ ಎಂದೂ ಆಡಲಾಗದ ಮಾತನ್ನು ಕಾವೇರಿಯ ನೆಪದಲ್ಲಿ ಆಡಬಲ್ಲರು. ಪುಸ್ತಕ ಮಾಡುವ ದೊಡ್ಡ ಉಪಕಾರ ಇದು, ಮತ್ತು ಇದು ಒಬ್ಬರೇ ಕುಳಿತರೆ ಆಗುವುದಿಲ್ಲ.

ಆದುದರಿಂದ ನಿಮಗೊಂದು ಮನೆಗೆಲಸ ಕೊಡುತ್ತಿದ್ದೇನೆ. ನಿಮ್ಮ ಬಡಾವಣೆಯ ಶಾಖೆ ಎಲ್ಲಿದೆ ಎಂಬುದನ್ನು ಮೊದಲು ಹುಡುಕಿ. ಬಹಳ ಜನಕ್ಕೆ ಅದೂ ತಿಳಿಯದು. ಕಂದಾಯದ ರಸೀದಿಯ ಪ್ರತಿಯೊಂದನ್ನು ಲಗತ್ತಿಸಿ, ವಯಸ್ಕರ ಓದುಗರ ಕೂಟ ಬೇಕೆಂದು ಹತ್ತು ಜನರ ಸಹಿಯೊಡನೆ ನಗರ ಗ್ರಂಥಾಲಯ ಪ್ರಾಧಿಕಾರಕ್ಕೆ ಅರ್ಜಿ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಡಿಗೆ ಮನೆಯಲ್ಲಿರುವವರೂ ಬರೆಯಿರಿ. ನಿಮ್ಮ ಬಾಡಿಗೆಯಲ್ಲಿಯೂ ಆ ಕರ ಸೇರಿದೆ. ಜಯನಗರದ ಅರ್ಜಿಯನ್ನು ನಾನು ಬರೆದಾಗಿದೆ, ಏಳು ಸಹಿಗಳಾಗಿವೆ. ಮೊದಲನೆಯ ಸಹಿ ಮೂರನೆಯ ಮಹಡಿಯ ಹಿರಿಯಾಕೆಯದು. ಇನ್ನು ಮೂರು ಬೇಕು.